ಕುಂಬಳೆ ಹತ್ರದ ಕಳರಿ ಕ್ಲಾಸು, ಮಗಳನ್ನ ಸೇರಿಸಿ ಮೂರು ತಿಂಗಳಾಯ್ತು

ಮೊದ್ಲು ಕರಾಟೆಗೆ ಹಾಕಿದ್ದೆ, ಒಕಿನಾವಾದಲ್ಲಿ ಹುಟ್ಟಿದ ಒಳ್ಳೇ ವಿದ್ಯೆನೇ ಅದು, 1922ರಲ್ಲಿ ಅಲ್ಲಿನ ಗುರು ಫುನಾಕೋಶಿ ಟೋಕಿಯೋಗೆ ಹೋಗಿ ತೋರಿಸಿದ್ಮೇಲೆ ಜಪಾನಲ್ಲೆಲ್ಲ ಹಬ್ಬಿದ್ದು, ಆದ್ರೆ ನಾವು ಹೋಗ್ತಿದ್ದ ಕ್ಲಾಸಲ್ಲಿ ಬೆಲ್ಟ್ ಟೆಸ್ಟಿಗೆ ದುಡ್ಡು ಕಟ್ಟಿ ಕಟ್ಟಿ ಸಾಕಾಯ್ತು ಮಾರಾಯ್ರೆ. ಈ ಕಳರಿ, ಅಂದ್ರೆ ಕಳರಿಪಯಟ್ಟು, ನಮ್ಮ ಮಲಬಾರಿನ ಯುದ್ಧಕಲೆನೇ, ವಡಕ್ಕನ್ ಅಂದ್ರೆ ಉತ್ತರದ ಶೈಲಿ. ನೆಲ ಅಗೆದು ತಗ್ಗು ಮಾಡಿದ ಮಣ್ಣಿನ ಕಳ, 42 ಅಡಿ ಉದ್ದ 21 ಅಡಿ ಅಗಲ, ನೈರುತ್ಯ ಮೂಲೆಯಲ್ಲಿ ಏಳು ಮೆಟ್ಟಿಲಿನ ಪೂತ್ತರ, ಅಂದ್ರೆ ಪೂಜೆಯ ಕಟ್ಟೆ, ಉಂಟು. ಬಲಗಾಲಿಟ್ಟು ಇಳಿದು, ನೆಲ ಮುಟ್ಟಿ ಹಣೆಗೆ ಒತ್ತಿಕೊಳ್ಳದೆ ಮಕ್ಕಳು ಯಾರೂ ಮುಂದೆ ಹೋಗ್ಲಿಕ್ಕಿಲ್ಲ. ಗುರುಕ್ಕಳ್‌ಗೆ ಅವಸರವೇ ಇಲ್ಲ, ಇಷ್ಟು ದಿನ ಬರೀ ಮೆಯ್ತಾರಿ, ಅಂದ್ರೆ ಮೈ ಪಳಗಿಸುವ ಕಸರತ್ತು, ಮೈ ಬಗ್ಗಿದ್ಮೇಲೇ ಕೋಲು ಅಂತಾರೆ, ನಂಗೆ ಅದೇ ತುಂಬ ಹಿಡಿಸ್ತು. ವಾಯ್ತಾರಿ, ಅಂದ್ರೆ ಗುರುಗಳು ಬಾಯಲ್ಲಿ ಹೇಳುವ ಆಜ್ಞೆಗಳು, ಮಲಯಾಳದಲ್ಲಿ, ಅರ್ಥ ಮಾತ್ರ ಚಂದ ಕನ್ನಡದಲ್ಲಿ ಹೇಳಿಕೊಡ್ತಾರೆ. ಬೆಳಿಗ್ಗೆ ಆರಕ್ಕೆ ಕ್ಲಾಸು, ದೂರದವರಿಗೆ ಸ್ವಲ್ಪ ಕಷ್ಟವೇ.