ಟಕರಾಜುಕಾ ರೆವ್ಯೂ: 26 ಮೆಟ್ಟಿಲಿಗೇ ಟಿಕೆಟ್ ದುಡ್ಡು ವಸೂಲು

1914ರಿಂದ ಪ್ರದರ್ಶನ ಕೊಡುತ್ತಿರುವ ಜಪಾನಿನ ಈ ತಂಡದಲ್ಲಿ ವೇದಿಕೆ ಮೇಲಿರುವವರೆಲ್ಲ ಹೆಂಗಸರೇ. ಗಂಡುಪಾತ್ರ ಮಾಡುವವರು ‘ಒತೊಕೊಯಾಕು’, ಹೆಣ್ಣುಪಾತ್ರದವರು ‘ಮುಸುಮೆಯಾಕು’. ಸಾಮಾನ್ಯವಾಗಿ ಮೊದಲು ನಾಟಕ, ಮಧ್ಯಂತರ, ಆಮೇಲೆ ರೆವ್ಯೂ, ಅಂದರೆ ಹಾಡು-ಕುಣಿತದ ಪ್ರದರ್ಶನ. ಜಪಾನಿ ಬಾರದವರಿಗೆ ನಾಟಕ ಸ್ವಲ್ಪ ಕಷ್ಟವೇ. ರೆವ್ಯೂಗೆ ಭಾಷೆಯ ಹಂಗಿಲ್ಲ. ನಡುವಿನ ಕೆಲವು ದೃಶ್ಯಗಳು ಮಾತ್ರ ತೇಪೆ ಹಚ್ಚಿದಂತಿರುತ್ತವೆ.

ಜೀವಾಳವಿರುವುದು ಕೊನೆಯಲ್ಲಿ. ಸಾಲಾಗಿ ಕಾಲೆತ್ತುವ ‘ರಾಕೆಟ್’, ಕಪ್ಪು ಟೇಲ್‌ಕೋಟಿನ ಕುಣಿತ, ಜೋಡಿ ನೃತ್ಯ, ಆಮೇಲೆ ಮಹಾಮೆಟ್ಟಿಲು. 26 ಮೆಟ್ಟಿಲು, ಒಂದೊಂದರ ಅಗಲ ಬರೀ 23 ಸೆಂ.ಮೀ. ಪಾದ ಪೂರ್ತಿ ಊರಲು ಜಾಗ ಸಾಲದು, ಆದರೂ ಯಾರೂ ಕೆಳಗೆ ನೋಡುವುದಿಲ್ಲ! ಬೆನ್ನಿಗೆ ಭಾರೀ ಗರಿಗಳನ್ನು ಹೊತ್ತ ಟಾಪ್ ಸ್ಟಾರ್ ಎಲ್ಲರಿಗಿಂತ ಕೊನೆಗೆ ಇಳಿಯುತ್ತಾಳೆ.

ಮುಂದಿನ ಸಾಲಿನಲ್ಲಿ ಕೂತರೆ ವಾದ್ಯವೃಂದದ ಮುಂದಿರುವ ‘ಬೆಳ್ಳಿ ಸೇತುವೆ’ ಎಂಬ ಕಿರುದಾರಿಯ ಮೇಲೆ ನಟಿಯರ ರೆಪ್ಪೆಯ ಮಿನುಗೂ ಕಾಣುತ್ತದೆ, ಆದರೆ ನರ್ತಕಿಯರ ಸಾಲುಗಳ ವಿನ್ಯಾಸ ಕೈತಪ್ಪುತ್ತದೆ. ಅದಕ್ಕೆ ಮೇಲಿನ ಮಹಡಿಯ ಮುಂಭಾಗವೇ ವಾಸಿ. ಜೊತೆಗೊಂದು ದುರ್ಬೀನು ಇರಲಿ. ಮುಂದಕ್ಕೆ ಬಾಗಿ ಕೂರಬೇಡಿ, ತುರುಬು ಎತ್ತರಕ್ಕೆ ಕಟ್ಟಬೇಡಿ: ಹಿಂದಿನವರಿಗೆ ವೇದಿಕೆಯೇ ಮರೆಯಾಗುತ್ತದೆ.