ಇಎನ್ 1ಎ ಬ್ರೈಟ್ ಬಾರ್: ಉದ್ದಕ್ಕೆ ಬಂಗಾರ, ಅಡ್ಡಕ್ಕೆ ಭರವಸೆಯಿಲ್ಲ

ಬೆಳಗಾವಿಯ ಉದ್ಯಮಬಾಗದಲ್ಲಿರುವ ನಮ್ಮ ಚಿಕ್ಕ ಲೇತ್ ಘಟಕದಲ್ಲಿ ಹೈಡ್ರಾಲಿಕ್ ಬಿಡಿಭಾಗಗಳಿಗೆ ಕೆಲವು ವರ್ಷಗಳಿಂದ ಇಎನ್ 1ಎ ಎಂಬ, ಲೇತಿನಲ್ಲಿ ಸುಲಭವಾಗಿ ಕತ್ತರಿಸಬಲ್ಲ ಉಕ್ಕಿನ ಬ್ರೈಟ್ ಬಾರ್‌ಗಳನ್ನೇ (ತಣ್ಣಗಿರುವಾಗಲೇ ಅಚ್ಚಿನ ಮೂಲಕ ಎಳೆದು ನಯಗೊಳಿಸಿದ ಸರಳುಗಳು) ಬಳಸುತ್ತಿದ್ದೇವೆ. ಸಾಧಾರಣ ಮೈಲ್ಡ್ ಸ್ಟೀಲ್ ತಿರುವುವಾಗ ಉದ್ದುದ್ದ ಸುರುಳಿಗಳು ಟೂಲಿಗೂ ಸರಳನ್ನು ಹಿಡಿದು ತಿರುಗುವ ಚಕ್‌ಗೂ ಸುತ್ತಿಕೊಳ್ಳುವುದರಿಂದ ಹುಡುಗರು ಕೊಕ್ಕೆ ಹಿಡಿದು ಕಾಯಬೇಕಾಗುತ್ತದೆ; ಇದರಲ್ಲಾದರೋ ಚಿಪ್ಪುಗಳು ತುಂಡುತುಂಡಾಗಿ ಟ್ರೇಗೆ ಚಟಪಟನೆ ಉದುರುತ್ತವೆ. ಬೆಳಿಗ್ಗೆ ಕೂಲಂಟಿನ ಹಾಲುಬಣ್ಣದ ಧಾರೆಯನ್ನು ಟೂಲಿನ ತುದಿಗೆ ಸರಿಯಾಗಿ ತಿರುಗಿಸಿ, ಮೊದಲ ಕಟ್ ಹಾಕಿ, ಆ ಸದ್ದು ಒಂದೇ ಸಮನೆ ಬರತೊಡಗಿದರೆ ಅಂದಿನ ಕೆಲಸಕ್ಕೆ ಅಡ್ಡಿಯಿಲ್ಲವೆಂದೇ ಅರ್ಥ. ಕೆಜಿಗೆ ಕೊಡುವ ಹೆಚ್ಚಿನ ಹಣ ಉಳಿದ ಸಮಯದಲ್ಲೇ ವಾಪಸು ಬರುತ್ತದೆ.

ಈ ಸುಖಕ್ಕೆ ಕಾರಣ ಗಂಧಕ. ಬೇರೆ ಉಕ್ಕುಗಳಲ್ಲಿ ಕಲ್ಮಶವೆಂದು ಶೇ. 0.05ರ ಆಸುಪಾಸಿಗೆ ಮಿತಿಗೊಳಿಸುವ ಗಂಧಕವನ್ನು ಇಲ್ಲಿ ಬೇಕೆಂದೇ ಶೇ. 0.2ರಿಂದ 0.3ರಷ್ಟು ಸೇರಿಸಿರುತ್ತಾರೆ. ಅದು ಮ್ಯಾಂಗನೀಸಿನೊಡನೆ ಕೂಡಿ ಸಲ್ಫೈಡ್ ಕಣಗಳಾಗುತ್ತದೆ, ಆ ಕಣಗಳೇ ಚಿಪ್ಪನ್ನು ಮುರಿಯುತ್ತವೆ. ಆದರೆ ಕಾದ ಬಿಲೆಟ್ (ಉಕ್ಕಿನ ದಪ್ಪ ತುಂಡು) ರೋಲುಗಳ ನಡುವೆ ಹಾದು ಸರಳಾಗುವಾಗ, ಆ ಶಾಖದಲ್ಲಿ ಮೆತ್ತಗಿರುವ ಸಲ್ಫೈಡ್ ಕೂಡ ಉಕ್ಕಿನ ಜೊತೆ ಎಳೆಯಲ್ಪಟ್ಟು, ಸರಳಿನ ಉದ್ದಕ್ಕೆ ಎಳೆ ಎಳೆಯಾಗಿ ಮಲಗುತ್ತದೆ.

ಪಿನ್ನು, ಬುಷ್ ಮಾಡುವವರೆಗೆ ಇದು ನಮಗೆ ಬಾಧಿಸಲಿಲ್ಲ. ಹೋಸ್‌ಪೈಪಿನ ತುದಿಗೆ ಒತ್ತಿ ಕೂರಿಸುವ ಕ್ರಿಂಪಿಂಗ್ ಸ್ಲೀವ್‌ಗಳ ಆರ್ಡರ್ ಬಂದಾಗ ಬಣ್ಣ ಬಯಲಾಯಿತು: ಪ್ರೆಸ್ ಒತ್ತಿದೊಡನೆ ಕೆಲವು ಸ್ಲೀವ್‌ಗಳು ಬಿದಿರು ಸೀಳಿದಂತೆ ನೆಟ್ಟಗೆ ಸೀಳಿದವು. ಬಿರುಕು ಒಂದು ಕಡೆಯೂ ಓರೆಯಾಗಿರಲಿಲ್ಲ. ಕ್ರಿಂಪಿನ ಹಲ್ಲುಗಳ ನಡುವೆ ಹಿಗ್ಗುವ ಗೋಡೆಗೆ ಸುತ್ತಳತೆಯ ದಿಕ್ಕಿನಲ್ಲಿ ಎಳೆತ ಬೀಳುತ್ತದೆ, ಅಂದರೆ ಸಲ್ಫೈಡ್ ಎಳೆಗಳಿಗೆ ನೇರ ಅಡ್ಡಲಾಗಿ. ಉಕ್ಕು ಎಳೆಯ ಮಗ್ಗುಲಿನಿಂದ ಬಿಟ್ಟುಕೊಂಡು, ಒಂದು ಸೀಳು ಪಕ್ಕದ ಸೀಳನ್ನು ಸೇರುತ್ತಾ ಹೋಗುತ್ತದೆ.

ಸರಬರಾಜುದಾರರು ಟೆಸ್ಟ್ ಸರ್ಟಿಫಿಕೇಟ್ ಮುಂದಿಟ್ಟರು. ಅದರಲ್ಲಿದ್ದ ಎಳೆತದ ಬಲ, ಹಿಗ್ಗುವಿಕೆ ಎರಡೂ ನಿಜವೇ. ನನ್ನ ತಕರಾರು ಬೇರೆ: ಪರೀಕ್ಷೆಯ ತುಂಡನ್ನು ಸರಳಿನ ಉದ್ದಕ್ಕೆ ಕತ್ತರಿಸಿರುತ್ತಾರೆ, ಉಕ್ಕು ತನ್ನ ಒಳ್ಳೆಯ ಮುಖ ತೋರಿಸುವ ದಿಕ್ಕೇ ಅದು. 25 ಮಿ.ಮೀ. ಸರಳಿನಿಂದ ಅಡ್ಡ ತುಂಡು ತೆಗೆಯುವುದು ಕಷ್ಟ, ಒಪ್ಪುತ್ತೇನೆ. ಹಾಗೆಂದು ಆ ಅಂಕಿಯನ್ನು ಎಲ್ಲ ದಿಕ್ಕಿಗೂ ಜಾಮೀನೆಂಬಂತೆ ಮಾರಬಾರದು.

ಸ್ಲೀವ್‌ನ ಎರಡು ಚೂರುಗಳನ್ನು ಎಮರಿ ಕಾಗದದಲ್ಲಿ ಹಂತಹಂತವಾಗಿ ಉಜ್ಜಿ, ಡೈಮಂಡ್ ಪೇಸ್ಟಿನಿಂದ ಕನ್ನಡಿಯಂತೆ ಮಾಡಿ, ಆಮ್ಲ ತಾಗಿಸದೆಯೇ ಸೂಕ್ಷ್ಮದರ್ಶಕದಡಿ ಇಟ್ಟರೆ ಎಲ್ಲವೂ ಕಾಣುತ್ತದೆ: ಅಡ್ಡಕೊಯ್ತದಲ್ಲಿ ಬೂದುಬಣ್ಣದ ಚುಕ್ಕೆಗಳು, ಉದ್ದಕೊಯ್ತದಲ್ಲಿ ಅದೇ ಬೂದುಬಣ್ಣದ ಗೆರೆಗಳು. ಅನೀಲ್ ಮಾಡಿಸಿದಾಗ, ಅಂದರೆ ಕಾಯಿಸಿ ನಿಧಾನವಾಗಿ ಆರಿಸಿದಾಗ, ಕೋಲ್ಡ್ ಡ್ರಾಯಿಂಗಿನ (ತಣ್ಣಗೆ ಎಳೆದದ್ದರ) ಬಿಗಿ ಸಡಿಲಿ ಸೀಳುವಿಕೆ ಕಡಿಮೆಯಾಯಿತು, ನಿಲ್ಲಲಿಲ್ಲ. ಆ ಶಾಖಕ್ಕೆ ಗೆರೆಗಳು ಕರಗುವುದಿಲ್ಲ. ಸೀಸ ಬೆರೆತ ಮಾದರಿಗೂ ಇದೇ ಮಾತು, ಗಂಧಕ ಅದರಲ್ಲೂ ಅಷ್ಟೇ ಇರುತ್ತದೆ.

ಈಗ ಪ್ರತಿ ಲಾಟಿನಿಂದಲೂ ತೆಳುವಾದ ಉಂಗುರ ಕತ್ತರಿಸಿ, ತುದಿಯತ್ತ ಸಪೂರವಾಗುವ ಮ್ಯಾಂಡ್ರೆಲ್ (ಗೂಟದಂಥ ಸಾಧನ) ಮೇಲೆ ಒತ್ತಿ, ಎಷ್ಟು ಹಿಗ್ಗಿ ಬಿರಿಯುತ್ತದೆಂದು ನೋಡುತ್ತೇವೆ. ಸ್ಲೀವ್‌ಗೆ ಕಡಿಮೆ ಗಂಧಕದ ಉಕ್ಕು ತರಿಸುತ್ತೇವೆ, ಸುರುಳಿಗಳ ಕಾಟ ಸಹಿಸಿಕೊಳ್ಳುತ್ತೇವೆ. ಪಿನ್ನಿಗೂ ಬುಷ್‌ಗೂ ಇಎನ್ 1ಎಗೆ ಐದಕ್ಕೆ ಐದು ಅಂಕ ಕೊಡಬಲ್ಲೆ. ಒತ್ತುವ, ಬಗ್ಗಿಸುವ, ಅಗಲಿಸುವ ಕೆಲಸಕ್ಕಾದರೆ ಎರಡೇ.