ಪೌತಿ ಖಾತೆಗೆಂದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದರೆ ಸಹಿ ಹಾಕಬೇಡಿ

ಅಪ್ಪ ತೀರಿಕೊಂಡು ಇನ್ನೂ ಎರಡು ತಿಂಗಳಾಗಿರಲಿಲ್ಲ. ತಮ್ಮ ಫೋನ್ ಮಾಡಿ, "ಅಕ್ಕಾ, ಜಮೀನಿನ ಪೌತಿ ಖಾತೆ ಮಾಡಿಸಬೇಕು, ಗುರುವಾರ ಬಂದು ಸಹಿ ಹಾಕಿ ಹೋಗು" ಎಂದ. ಆಧಾರ್ ಕಾರ್ಡ್ ಹಿಡಿದು ಹೋದೆ. ಅವನು ನನ್ನನ್ನೂ ಅಮ್ಮನನ್ನೂ ಕರೆದೊಯ್ದದ್ದು ನಾಡಕಚೇರಿಗಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಗೆ. ನನಗೆ ಅಲ್ಲೇ ಅನುಮಾನ ಬರಬೇಕಿತ್ತು.

ಪತ್ರ ಬರಹಗಾರ ಪ್ರತಿ ಹಾಳೆಯ ಕೆಳತುದಿಯನ್ನಷ್ಟೇ ಎತ್ತಿ ಹಿಡಿದು, "ಇಲ್ಲಿ, ಅಮ್ಮಾ, ಇಲ್ಲಿ" ಎಂದು ಬೆರಳಿಟ್ಟು ತೋರಿಸುತ್ತಿದ್ದ. ಹೊಲದಲ್ಲಿ ದುಡಿದು ಸವೆದ ಅಮ್ಮನ ಹೆಬ್ಬೆರಳನ್ನು ಯಂತ್ರ ಗುರುತಿಸಲೇ ಇಲ್ಲ. ತಮ್ಮನೇ ಅವಳ ಸೆರಗಿನಿಂದ ಬೆರಳು ಒರೆಸಿ ಮತ್ತೆ ಮತ್ತೆ ಒತ್ತಿಸಿದ. ನೆನೆದರೆ ಈಗಲೂ ಕರುಳು ಹಿಂಡುತ್ತದೆ.

ಎಂಟು ತಿಂಗಳ ನಂತರ ಪಹಣಿ ತೆಗೆಸಿದೆ. ಅದರಲ್ಲಿ ತಮ್ಮನೊಬ್ಬನದೇ ಹೆಸರು. ನಾವು ಬರೆದುಕೊಟ್ಟಿದ್ದದ್ದು ಹಕ್ಕು ಬಿಡುಗಡೆ ಪತ್ರ, ಅಂದರೆ ನಮ್ಮ ಪಾಲನ್ನು ತಮ್ಮನಿಗೆ ಬಿಟ್ಟುಕೊಟ್ಟ ಪತ್ರ.

ಪೌತಿ ಖಾತೆಯೆಂದರೆ ಸತ್ತವರ ಹೆಸರಿನ ಜಾಗಕ್ಕೆ ವಾರಸುದಾರರ ಹೆಸರು ಬರುವುದು, ಅಷ್ಟೇ. ಮರಣ ಪ್ರಮಾಣಪತ್ರ, ವಂಶವೃಕ್ಷ ಮತ್ತು ಅರ್ಜಿಯನ್ನು ನಾಡಕಚೇರಿಗೆ ಕೊಡಬೇಕು. ಅದಕ್ಕೆ ಪತ್ರ ನೋಂದಣಿ ಬೇಕಿಲ್ಲ. ಒಬ್ಬರ ಪಾಲು ಇನ್ನೊಬ್ಬರಿಗೆ ಹೋಗುವಾಗ, ಇಲ್ಲವೇ ವಿಭಾಗವಾಗುವಾಗ ನೋಂದಣಿಯ ಮಾತು ಬರುತ್ತದೆ. ನಮ್ಮದು ಅಪ್ಪನ ಸ್ವಯಾರ್ಜಿತ ಜಮೀನು, ವಿಲ್ ಇರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅಮ್ಮನಿಗೆ, ನನಗೆ, ತಮ್ಮನಿಗೆ ಸಮಪಾಲು. ಮಗಳಿಗೆ ಮದುವೆಯಾಗಿದೆ ಎಂದು ಪಾಲು ಕರಗುವುದಿಲ್ಲ. ಮೂವರ ಹೆಸರಿನಲ್ಲಿ ಜಂಟಿಯಾಗಿ ಖಾತೆ ಆಗಬೇಕಿತ್ತು.

ಅಕ್ಕತಂಗಿಯರೇ, ವಂಶವೃಕ್ಷದಲ್ಲಿ ನಿಮ್ಮ ಹೆಸರಿದೆಯೇ ಎಂದು ಮೊದಲು ನೋಡಿ. ಸಹಿಗೆ ಕರೆದರೆ ಕರಡು ಪ್ರತಿಯನ್ನು ಹಿಂದಿನ ದಿನವೇ ಕೇಳಿ ಪಡೆದು, ಹೊರಗಿನವರೊಬ್ಬರಿಂದ ಓದಿಸಿ. ಕೊಡಲು ಹಿಂಜರಿದರೆ ಮನೆಯಿಂದ ಹೊರಡಲೇ ಬೇಡಿ. ಈಗಾಗಲೇ ಸಹಿ ಹಾಕಿದ್ದರೆ ಋಣಭಾರ ಪ್ರಮಾಣಪತ್ರ ತೆಗೆಸಿ. ಯಾವ ಪತ್ರ ನೋಂದಣಿಯಾಗಿದೆ ಎಂಬುದು ಅದರಲ್ಲಿ ಕಾಣುತ್ತದೆ. ಮೋಸದಿಂದ ಬರೆಸಿಕೊಂಡ ಪತ್ರದ ರದ್ದತಿಗೆ, ಮೋಸ ತಿಳಿದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. ಮನೆಯ ಮರ್ಯಾದೆಗೆ ಅಂಜಿ ನಾನು ಅದರಲ್ಲೇ ಒಂದು ವರ್ಷ ಕಳೆದೆ.

ಈಗ ದಾವೆ ನಡೆಯುತ್ತಿದೆ. ಅಂದು ಅಧಿಕಾರಿ ತಲೆಯೆತ್ತಿ, "ಒಪ್ಪಿ ಬರೆದುಕೊಡುತ್ತಿದ್ದೀರಾ?" ಎಂದು ಕೇಳಿದ್ದರು. ಅಮ್ಮ ನನ್ನ ಮುಖ ನೋಡಿದಳು. ನಾನು ತಮ್ಮನ ಮುಖ ನೋಡಿ, "ಹೌದು" ಎಂದೆ. ಎದುರು ಪಕ್ಷದ ವಕೀಲರು ಮೊದಲು ಹಿಡಿದದ್ದು ಆ ಒಂದು ಮಾತನ್ನೇ.